ಮನಿ ಇಲ್ಲದ ತಾಯಿಗೆ ಕೂಸು ಕೊಡ್ತಾರೇನ್ರಿ?

ಉದ್ದ ಪೋಸ್ಟು, ಮೊದಲೇ ಹೇಳಿಬಿಡ್ತೀನಿ. ಪುರುಸೊತ್ತಾದಾಗ ಓದ್ರಿ, ಇಲ್ಲಾಂದ್ರೆ ಸೇವ್ ಮಾಡಿಟ್ಕೊಳ್ರಿ.

ಹೋದ ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಿಂದ ಒಬ್ಬ ತಂಗಿ ನನ್ನ ಹತ್ರ ಬಂದಿದ್ದಳು. ಬೇಸಿಗೆಯಲ್ಲಿ ಇಟ್ಟಂಗಿ ಭಟ್ಟಿ, ಮಳೆಗಾಲದಲ್ಲಿ ಭತ್ತದ ನಾಟಿ, ಇದು ಅವಳ ವರ್ಷದ ಲೆಕ್ಕ. ಗೋವಾಕ್ಕೆ ದುಡಿಯಲಿಕ್ಕೆ ಹೋದಾಗ ಚಂದಗಡ ಕಡೆಯ ಹುಡುಗನ್ನ ಮೆಚ್ಚಿ ಮದುವೆಯಾದವಳು. ಅವನದು ಮೇಲ್ಜಾತಿ. ಎರಡು ವರ್ಷದ ಹಿಂದೆ ಹೊಡೆತ ತಾಳಲಾರದೆ ಮಗನ್ನ ಕಟ್ಟಿಕೊಂಡು ತವರಿನ ಕೇರಿಗೆ ವಾಪಸ್ ಬಂದಿದ್ದಳು. ಅವತ್ತು ಅವಳ ಕೈಯಲ್ಲಿ ಗಂಡನ ವಕೀಲರ ನೋಟಿಸು ಇತ್ತು. ತಂದೆಗೆ ಪಕ್ಕಾ ಮನೆ ಇದೆ, ಹೊಲ ಇದೆ, ಖಾಯಂ ಆದಾಯ ಇದೆ. ತಾಯಿ ದಿನಗೂಲಿ, ಸ್ವಂತ ಮನೆ ಇಲ್ಲ, ಇರೋ ಜಾಗದ 'ವಾತಾವರಣ' ಮಗುವಿನ ಬೆಳವಣಿಗೆಗೆ ತಕ್ಕದ್ದಲ್ಲ. ಹಾಗಾಗಿ ಮಗುವನ್ನ ಒಪ್ಪಿಸಬೇಕು, ಇಲ್ಲಾಂದ್ರೆ ಕೋರ್ಟಿಗೆ ಹೋಗ್ತೀವಿ ಅಂತ ಅದರಲ್ಲಿ ಬರೆದಿತ್ತು.

ವಾತಾವರಣ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೇರಿ ಅಂತ ಬರೆಯೋದಕ್ಕೆ ಧೈರ್ಯ ಇಲ್ಲದವರು ಹುಡುಕಿಕೊಂಡ ಪದ ಅದು.

ಅವಳು ಕೇಳಿದ್ದು ಒಂದೇ ಮಾತು. "ಅಕ್ಕಾರ, ಅವರಿಗಿ ಮನಿ ಐತಿ, ನನಗ ಇಲ್ಲ. ಮನಿ ಇಲ್ಲದ ತಾಯಿಗಿ ಕೂಸು ಕೊಡ್ತಾರೇನ್ರಿ?" ಹುಡುಗನಿಗೆ ನಾಲ್ಕೂವರೆ ವರ್ಷ. ಐದು ತುಂಬಿದ ಮೇಲೆ ಕೂಸು ತಂದೆಗೇ ಹೋಗ್ತದೆ ಅಂತ ಊರಲ್ಲಿ ಯಾರೋ ಹೇಳಿ ಹೆದರಿಸಿದ್ದರು. ಆರು ತಿಂಗಳು ಉಳೀತು ಅಂತ ಬೆರಳು ಮಡಚಿ ಎಣಿಸ್ತಿದ್ದಳು.

ಅವಳಿಗೆ ಉತ್ತರ ಹೇಳಲಿಕ್ಕೆ ನಾನು ಓದಲಿಕ್ಕೆ ಕೂತೆ. ಓದ್ತಾ ಹೋದಂತೆ ಈ 'ಕಸ್ಟಡಿ' ಅನ್ನೋದರ ಚರಿತ್ರೆ ಎರಡು ಬಗೆ ಇದೆ ಅನ್ನಿಸ್ತು. ಒಂದು ಪುಸ್ತಕದಲ್ಲಿದೆ, ಇನ್ನೊಂದು ನಮ್ಮ ಬೆಳಗಾವಿ ಜಿಲ್ಲೆಯ ಕೇರಿಗಳಲ್ಲಿದೆ. ಎರಡನ್ನೂ ಬರೀತೀನಿ.

1818ರಲ್ಲಿ ಬೆಳಗಾವಿ ಪೇಶ್ವೆಗಳ ಕೈಯಿಂದ ಕಂಪನಿ ಕೈಗೆ ಬಂದು ಬಾಂಬೆ ಪ್ರಾಂತ್ಯಕ್ಕೆ ಸೇರಿತು. ಆ ಕಾಲದ ಇಂಗ್ಲೆಂಡಿನಲ್ಲೇ ತಾಯಿಗೆ ಮಗುವಿನ ಮೇಲೆ ಕಾನೂನಿನ ಹಕ್ಕು ಇರಲಿಲ್ಲ. ಕ್ಯಾರೊಲಿನ್ ನಾರ್ಟನ್ ಅನ್ನೋ ಲೇಖಕಿಯ ಮೂವರು ಮಕ್ಕಳನ್ನ ಗಂಡ ಒಯ್ದುಬಿಟ್ಟ. ಅವಳು ಪತ್ರಿಕೆ, ಕರಪತ್ರ ಅಂತ ಬರೆದು ಬರೆದು ಗದ್ದಲ ಎಬ್ಬಿಸಿದ ಮೇಲೆ 1839ರಲ್ಲಿ, ಏಳು ವರ್ಷದೊಳಗಿನ ಮಕ್ಕಳನ್ನ ತಾಯಿಗೆ ಕೊಡಬಹುದು ಅಂತ ಕಾಯ್ದೆ ಬಂತು. ಎಳೆ ಮಗು ತಾಯಿ ಹತ್ರ ಇರಲಿ ಅನ್ನೋ ಮಾತು ಕಾನೂನಿನೊಳಗೆ ಕಾಲಿಟ್ಟಿದ್ದು ಹೀಗೆ.

ನಮ್ಮ ಕಡೆ ಬಂದ ಮೊದಮೊದಲ ಕಾಯ್ದೆಗಳ ಕಣ್ಣು ಮಗುವಿಗಿಂತ ಮಗುವಿನ ಆಸ್ತಿ ಮೇಲಿತ್ತು. ಬಾಂಬೆ ಪ್ರಾಂತ್ಯದ 1864ರ ಅಪ್ರಾಪ್ತರ ಕಾಯ್ದೆ ಓದಿದ್ರೆ ಗೊತ್ತಾಗ್ತದೆ. ತಂದೆ ಸತ್ತ ವತನದಾರನ ಮಗನ ಹೊಲ-ಮನೆ ಯಾರು ನೋಡಿಕೊಳ್ಳಬೇಕು ಅನ್ನೋದೇ ಅದರ ಚಿಂತೆ. ಆಸ್ತಿ ಇಲ್ಲದ ಮಗುವಿನ ಬಗ್ಗೆ ಯಾವ ಕೋರ್ಟಿಗೆ ಏನು ಕೆಲಸ?

1890ರಲ್ಲಿ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಬಂತು. ಇವತ್ತಿಗೂ ಬೆಳಗಾವಿಯ ಫ್ಯಾಮಿಲಿ ಕೋರ್ಟಿನಲ್ಲಿ ಎಲ್ಲ ಧರ್ಮದವರಿಗೂ ನಡೆಯೋದು ಇದೇ ಕಾಯ್ದೆ. ಇದರ 17ನೇ ಕಲಮನ್ನ ನಮ್ಮ ಪ್ರತಿ ಕಾರ್ಯಕರ್ತರೂ ಬಾಯಿಪಾಠ ಮಾಡಬೇಕು. ಪಾಲಕರನ್ನ ಆರಿಸುವಾಗ ಕೋರ್ಟು ಮಗುವಿನ ಕಲ್ಯಾಣ ನೋಡಬೇಕು. ಮಗುವಿನ ವಯಸ್ಸು, ಲಿಂಗ, ಧರ್ಮ, ಪಾಲಕರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧ ಎಷ್ಟು ಹತ್ತಿರದ್ದು, ಇವನ್ನ ಗಮನಿಸಬೇಕು. ಮಗುವಿಗೆ ಬುದ್ಧಿ ತಿಳಿದಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಪಟ್ಟಿಯಲ್ಲಿ ಧರ್ಮ ಇದೆ, ಜಾತಿ ಇಲ್ಲ. ಜಾತಿ ಒಳಗೆ ಬರೋದು 'ನಡತೆ', 'ಸಾಮರ್ಥ್ಯ' ಅನ್ನೋ ಬಾಗಿಲಿನಿಂದ.

ಎರಡು ಕಲಮು ದಾಟಿದರೆ 19ನೆಯದು. ತಂದೆ ಬದುಕಿದ್ದು, ಅವನು ಅಯೋಗ್ಯ ಅಂತ ಕೋರ್ಟಿಗೆ ಅನ್ನಿಸದಿದ್ದರೆ ಬೇರೆ ಪಾಲಕರನ್ನ ನೇಮಿಸೋ ಹಾಗಿಲ್ಲ. ಮದುವೆಯಾದ ಚಿಕ್ಕ ಹುಡುಗಿಯಾದರೆ ಅವಳ ಗಂಡನೇ ಪಾಲಕ. ಹೌದು, ಬಾಲ್ಯವಿವಾಹ ಮಾಡಿಕೊಂಡ ಗಂಡ ತನ್ನ ಹೆಂಡತಿಗೆ ತಾನೇ ಗಾರ್ಡಿಯನ್! ಇಡೀ ಕಲಮಿನಲ್ಲಿ ತಾಯಿ ಅನ್ನೋ ಪದ ಇರಲಿಲ್ಲ. ಅದು ಸೇರಿದ್ದು 2010ರ ತಿದ್ದುಪಡಿಯಲ್ಲಿ. ಲೆಕ್ಕ ಹಾಕಿ, 120 ವರ್ಷ.

ಈ ಕಾಯ್ದೆಯ ಅತಿ ದೊಡ್ಡ ಹಳೇ ಕೇಸು ನಿಮಗೆಲ್ಲ ಪರಿಚಯದ ಹೆಸರಿನದು, ಜಿಡ್ಡು ಕೃಷ್ಣಮೂರ್ತಿ. ಅವರ ತಂದೆ ನಾರಾಯಣಯ್ಯ 1910ರಲ್ಲಿ ಇಬ್ಬರು ಗಂಡುಮಕ್ಕಳನ್ನ ಆನಿ ಬೆಸೆಂಟ್ ಅವರ ಪಾಲಕತ್ವಕ್ಕೆ ಬರೆದುಕೊಟ್ಟರು. ಆಮೇಲೆ ಮನಸ್ಸು ಬದಲಾಗಿ ವಾಪಸ್ ಕೇಳಿದರು. ಬೆಸೆಂಟ್ ಹುಡುಗರನ್ನ ಓದಲಿಕ್ಕೆ ಇಂಗ್ಲೆಂಡಿಗೆ ಕರಕೊಂಡು ಹೋಗಿದ್ದರು. 1913ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ತಂದೆ ಗೆದ್ದರು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನ ತಿರುಗಿಸಿತು. ತಂದೆಯ ಪಾಲಕತ್ವ ಒಂದು ಹೊಣೆ, ಅದನ್ನ ವಾಪಸ್ ಬಾರದ ಹಾಗೆ ಬರೆದುಕೊಡಲಿಕ್ಕೆ ಬರೋದಿಲ್ಲ ಅಂತ ಒಪ್ಪಿಕೊಂಡಿತು. ಆದರೆ ಹುಡುಗರು ಚಿಂಗಲ್‌ಪೇಟೆ ಜಿಲ್ಲೆಯಲ್ಲಿ 'ಸಾಮಾನ್ಯವಾಗಿ ವಾಸ' ಇರಲಿಲ್ಲ, ಹಾಗಾಗಿ ಅಲ್ಲಿಯ ಜಿಲ್ಲಾ ಕೋರ್ಟಿಗೆ ಈ ದಾವೆ ನಡೆಸೋ ಅಧಿಕಾರವೇ ಇರಲಿಲ್ಲ, ಅದೂ ಅಲ್ಲದೆ ಹುಡುಗರ ಇಷ್ಟವನ್ನ ಯಾರೂ ಕೇಳಿಲ್ಲ ಅಂತ ಹೇಳಿತು.

ಈ ಕಥೆಯನ್ನ ಯಾಕೆ ಎಳೆದು ತಂದೆ ಅಂದ್ರೆ, ಖಾನಾಪುರದ ಆ ತಂಗಿಗೆ ಮೊದಲು ಬೇಕಾಗಿದ್ದೇ ಈ ಅಂಶ. ಕಾಯ್ದೆಯ 9ನೇ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬೇಕು. ಗಂಡನ ಮನೆ ಚಂದಗಡ, ಕೆಲಸ ಗೋವಾ, ಮಗು ಖಾನಾಪುರ. ಮೂರು ರಾಜ್ಯ ಕೂಡುವ ನಮ್ಮ ಕಡೆ ಇದು ದಿನಾ ಬರೋ ತಕರಾರು. ಸಾಮಾನ್ಯ ವಾಸ ಅನ್ನೋದು ವಾಸ್ತವ ನೋಡಿ ತೀರ್ಮಾನ ಮಾಡುವಂಥದ್ದು ಅಂತ ಸುಪ್ರೀಂ ಕೋರ್ಟು 2011ರಲ್ಲಿ ರುಚಿ ಮಜೂ ಕೇಸಿನಲ್ಲಿ ಹೇಳಿದೆ. ಎರಡು ವರ್ಷದಿಂದ ಅಂಗನವಾಡಿ ರಿಜಿಸ್ಟರಿನಲ್ಲಿ ಹುಡುಗನ ಹಾಜರಿ ಇದೆ. ಆಶಾ ಕಾರ್ಯಕರ್ತೆ ಹಾಕಿಸಿದ ಲಸಿಕೆಯ ಕಾರ್ಡು ಇದೆ. ಅಷ್ಟು ಸಾಕ್ಷಿ ನಮ್ಮ ಹತ್ರ ಇತ್ತು. ಅವಳನ್ನ ಚಂದಗಡಕ್ಕೋ ಪಣಜಿಗೋ ಅಲೆದಾಡಿಸಲಿಕ್ಕೆ ಆಗೋದಿಲ್ಲ ಅಂತ ಮೊದಲ ದಿನವೇ ಹೇಳಿ ಕಳಿಸಿದೆ. ಅವತ್ತು ರಾತ್ರಿ ಊಟ ಮಾಡಿದೆ ಅಂತ ಮರುದಿನ ಫೋನ್ ಮಾಡಿದ್ದಳು.

ಇನ್ನು ಬಾಂಬೆ ಹೈಕೋರ್ಟು. 1941ರಲ್ಲಿ ಸರಸ್ವತಿಬಾಯಿ ವೇದ್ ಅನ್ನೋ ತಾಯಿಯ ಕೇಸಿನಲ್ಲಿ ಅದು ಒಂದು ತೀರ್ಪು ಕೊಟ್ಟಿತು. ನೋಡಬೇಕಾದ್ದು ತಂದೆಯ ಹಿತವೂ ಅಲ್ಲ, ತಾಯಿಯ ಹಿತವೂ ಅಲ್ಲ, ಮಗುವಿನದ್ದು ಮಾತ್ರ. ತಾಯಿ ತಕ್ಕವಳಾಗಿದ್ದರೆ ಎಳೆ ಮಗುವಿಗೆ ಅವಳ ಬದಲಿ ಯಾರೂ ಸಿಗೋದಿಲ್ಲ. ಬೆಳಗಾವಿ ಆಗ ಬಾಂಬೆ ಹೈಕೋರ್ಟಿನ ಕೆಳಗೇ ಇತ್ತು, ಅಂದ್ರೆ ಈ ಮಾತು ನಮ್ಮ ಜಿಲ್ಲೆಯ ಕೋರ್ಟುಗಳಿಗೂ ಅನ್ವಯ ಆಗಿತ್ತು. ಹೊಸ ಕಾಲದ ಹೆಣ್ಣುಮಕ್ಕಳು ಹಕ್ಕು ಕೇಳ್ತಾರೆ ಅಂತ ಗೊಣಗೋರಿಗೆ ಹೇಳಿ, ಇದು ಸ್ವಾತಂತ್ರ್ಯಕ್ಕಿಂತ ಹಳೇ ತೀರ್ಪು.

ಆಮೇಲೆ 1956. ನಮಗೆಲ್ಲ ಆ ವರ್ಷ ಅಂದ್ರೆ ಅಕ್ಟೋಬರ್ 14, ನಾಗಪುರ, ಬಾಬಾಸಾಹೇಬರ ಧಮ್ಮ ದೀಕ್ಷೆ. ಅದಕ್ಕೂ ಒಂದೂವರೆ ತಿಂಗಳು ಮುಂಚೆ, ಆಗಸ್ಟ್ 25ರಂದು ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಜಾರಿಗೆ ಬಂತು. ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲೂಕು ಮಾತ್ರ ಆ ಕಡೆ ಉಳೀತು. ಒಂದೇ ಜಿಲ್ಲೆಯ ಬೀಗರು ಎರಡು ಹೈಕೋರ್ಟಿನ ಪಾಲಾದರು. ಈಗ ಖಾನಾಪುರದ ಮೇಲ್ಮನವಿ ಧಾರವಾಡ ಪೀಠಕ್ಕೆ ಹೋಗ್ತದೆ, 2008ಕ್ಕೆ ಮುಂಚೆ ಬೆಂಗಳೂರಿನ ತನಕ ಹೋಗಬೇಕಿತ್ತು.

ಬಾಬಾಸಾಹೇಬರು ಹೊತ್ತು ತಿರುಗಿದ ಹಿಂದೂ ಕೋಡ್ ಬಿಲ್ಲಿನಲ್ಲಿ ಪಾಲಕತ್ವವೂ ಒಂದು ಭಾಗ. ಅದನ್ನ ಪಾಸು ಮಾಡಲಿಲ್ಲ ಅಂತ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿ ಪದವಿ ಬಿಟ್ಟರು. ಆಮೇಲೆ ಬಿಲ್ಲನ್ನ ನಾಲ್ಕು ತುಂಡು ಮಾಡಿ ಪಾಸು ಮಾಡಿದರು. ಅದರಲ್ಲೊಂದು ತುಂಡು ಈ 1956ರ ಕಾಯ್ದೆ. ಇದರ 6ನೇ ಕಲಮು ಸ್ವಾಭಾವಿಕ ಪಾಲಕ ತಂದೆ, 'ಅವನ ನಂತರ' ತಾಯಿ ಅನ್ನುತ್ತೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರಬೇಕು ಅಂತಲೂ ಸೇರಿಸಿದೆ. ಊರವರು ತಂಗಿಯನ್ನ ಹೆದರಿಸಿದ್ದು ಇದೇ ಸಾಲಿನಿಂದ. ಆದರೆ ಐದು ತುಂಬಿದ ಕೂಡಲೇ ತಂದೆಗೆ ಒಪ್ಪಿಸಿ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಅದರ 13ನೇ ಕಲಮು ಮಗುವಿನ ಕಲ್ಯಾಣವೇ ಎಲ್ಲಕ್ಕಿಂತ ದೊಡ್ಡದು ಅಂತ ಹೇಳಿ ಬಾಕಿದ್ದನ್ನೆಲ್ಲ ಅದರ ಕೆಳಗೆ ಇಡ್ತದೆ.

ಇನ್ನೊಂದು ಮಾತು, ನಮ್ಮವರಿಗಾಗಿ. ಬೌದ್ಧರಾದವರೂ ಈ ಹಿಂದೂ ಕಾಯ್ದೆಯೊಳಗೇ ಬರ್ತಾರೆ, ಬೇಕೋ ಬೇಡವೋ. ಕ್ರೈಸ್ತರೋ ಮುಸ್ಲಿಮರೋ ಆದವರಿಗೆ ಇದೇ 6ನೇ ಕಲಮು, ನೀವು ಹಿಂದೂ ಆಗಿ ಉಳಿದಿಲ್ಲ, ಸ್ವಾಭಾವಿಕ ಪಾಲಕರಾಗೋ ಹಕ್ಕು ಇಲ್ಲ ಅನ್ನುತ್ತೆ. 1850ರಲ್ಲಿ ಕಂಪನಿ ಸರ್ಕಾರವೇ ಧರ್ಮ ಬಿಟ್ಟವನ ಹಕ್ಕು ಹೋಗೋದಿಲ್ಲ ಅಂತ ಕಾಯ್ದೆ ಮಾಡಿತ್ತು. ನೂರಾ ಆರು ವರ್ಷದ ಮೇಲೆ ನಮ್ಮದೇ ಪಾರ್ಲಿಮೆಂಟು ಹಿಂದಕ್ಕೆ ನಡೀತು. ಖಾನಾಪುರ, ಬೆಳಗಾವಿ ಕಡೆ ಚರ್ಚಿಗೆ ಹೋದ ನಮ್ಮ ಕುಟುಂಬಗಳು ಇದನ್ನ ತಿಳಕೊಂಡಿರಬೇಕು. ಅವರಿಗೆ 1890ರ ಕಾಯ್ದೆಯಡಿ ಅರ್ಜಿ ಹಾಕೋ ದಾರಿ ಇದ್ದೇ ಇದೆ, ಅಲ್ಲಿಯೂ ನೋಡೋದು ಮಗುವಿನ ಕಲ್ಯಾಣವನ್ನೇ.

'ಅವನ ನಂತರ' ಅನ್ನೋ ಪದ ಕಳಚಲಿಕ್ಕೆ 1999 ಆಗಬೇಕಾಯ್ತು. ಲೇಖಕಿ ಗೀತಾ ಹರಿಹರನ್ ಮತ್ತು ಅವರ ಗಂಡ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲಿಕ್ಕೆ ಹೋದಾಗ, ತಾಯಿ ಪಾಲಕಳಾಗಿ ಸಹಿ ಹಾಕಿದ್ದಕ್ಕೆ ಅರ್ಜಿ ವಾಪಸ್ ಬಂತು. ಪರಿಸರ ಹೋರಾಟಗಾರ್ತಿ ವಂದನಾ ಶಿವ ಅವರ ಅರ್ಜಿಯೂ ಅದರ ಜೊತೆ ಸೇರಿತು. ನಂತರ ಅಂದ್ರೆ ತಂದೆ ಸತ್ತ ನಂತರ ಅಂತ ಓದಬೇಕಾಗಿಲ್ಲ, ತಂದೆ ಮಗುವಿನ ಉಸಾಬರಿ ಬಿಟ್ಟಿದ್ದರೂ, ದೂರ ಇದ್ದರೂ ತಾಯಿಯೇ ಸ್ವಾಭಾವಿಕ ಪಾಲಕಿ ಅಂತ ಸುಪ್ರೀಂ ಕೋರ್ಟು ಹೇಳಿತು. ಆದರೆ ಪದವನ್ನ ಪುಸ್ತಕದಿಂದ ಅಳಿಸಲಿಲ್ಲ. ತಂದೆ-ತಾಯಿ ಇಬ್ಬರನ್ನೂ ಸರಿಸಮ ಮಾಡಿ ಅಂತ ಕಾನೂನು ಆಯೋಗ 2015ರಲ್ಲಿ ತನ್ನ 257ನೇ ವರದಿ ಕೊಟ್ಟಿತು. ಅದು ಕಾಯ್ದೆ ಆಗಲಿಲ್ಲ.

ಇಷ್ಟು ಪುಸ್ತಕದ ಚರಿತ್ರೆ. ಗಮನಿಸಿ, ಇದರಲ್ಲಿ ಹೋರಾಡಿದವರೆಲ್ಲ ಮಗು ತನಗೆ ಬೇಕು ಅಂತ ಕೇಳಿದವರು. ತಂದೆಯೂ ಕೇಳ್ತಾನೆ, ತಾಯಿಯೂ ಕೇಳ್ತಾಳೆ, ಕೋರ್ಟು ನಡುವೆ ಕೂತು ತೂಗುತ್ತೆ. ಈಗ ಖಾನಾಪುರದಿಂದ ಪೂರ್ವಕ್ಕೆ ಬಯಲುಸೀಮೆಗೆ ಇಳಿಯಿರಿ. ಸವದತ್ತಿ, ಗೋಕಾಕ, ರಾಯಬಾಗ, ಅಥಣಿ. ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ತಾಯಂದಿರ ಮಕ್ಕಳ ಬಗ್ಗೆ ಯಾವ ಗೌಡ, ಯಾವ ಸಾಹುಕಾರ, ಯಾವತ್ತು ಕೋರ್ಟಿಗೆ ಹೋಗಿ ಈ ಕೂಸು ನಂದು, ನನಗೆ ಕೊಡಿ ಅಂದಿದ್ದಾನೆ? ಅಲ್ಲಿ ಕಸ್ಟಡಿ ಕೇಸೇ ಇಲ್ಲ. ತಾಯಿಗೆ ಎದುರಾಳಿಯೇ ಇಲ್ಲ.

1956ರ ಕಾಯ್ದೆಯ ಅದೇ 6ನೇ ಕಲಮಿನ ಎರಡನೇ ಭಾಗ ಓದಿ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ತಾಯಿ ಮೊದಲು, ಅವಳ ನಂತರ ತಂದೆ. ಎಂಥ ಉದಾರತೆ! ಮದುವೆಯಾದ ಹೆಂಡತಿಗೆ ಕೊಡದ ಮೊದಲ ಜಾಗವನ್ನ ದೇವದಾಸಿಗೆ ಕೊಟ್ಟಿತು. ಯಾಕಂದ್ರೆ ಆ ಮಗುವಿನ ಜೊತೆ ಹೊಲ ಹೋಗೋದಿಲ್ಲ, ಮನೆತನದ ಹೆಸರು ಹೋಗೋದಿಲ್ಲ. ಇಲ್ಲಿ ಪಾಲಕತ್ವ ಅಂದ್ರೆ ಬರೀ ಹೊರೆ. ಆಸ್ತಿವಂತರ ಮನೆಯ ತಾಯಿ ನೂರು ವರ್ಷ ಹಕ್ಕಿಗಾಗಿ ಬಡಿದಾಡಿದಳು, ನಮ್ಮ ತಾಯಿಗೆ ಪೂರ್ತಿ ಹೊಣೆಯನ್ನ ಕೇಳದೇ ಕೊಟ್ಟರು. ಕಸ್ಟಡಿಯ ಮಾತು ಬಂದಾಗಲೆಲ್ಲ ನನಗೆ ಕಾಡೋದು ಈ ವ್ಯತ್ಯಾಸ.

ಆ ತಾಯಿಯನ್ನ ಕೋರ್ಟು ಹೇಗೆ ಕಂಡಿತು ಅನ್ನೋದಕ್ಕೂ ಚರಿತ್ರೆ ಇದೆ. 1880ರಲ್ಲಿ ಬಾಂಬೆ ಹೈಕೋರ್ಟು ಮಥುರಾ ನಾಯ್ಕಿಣ್ ಮತ್ತು ಏಸು ನಾಯ್ಕಿಣ್ ನಡುವಿನ ಕೇಸಿನಲ್ಲಿ, ನಾಯ್ಕಿಣಿಯರು ಹೆಣ್ಣುಮಗಳನ್ನ ದತ್ತು ತಗೊಂಡರೆ ಅದು ಊರ್ಜಿತ ಅಲ್ಲ, ನೀತಿಗೆ ವಿರುದ್ಧ ಅಂದಿತು. ಮದ್ರಾಸಿನಲ್ಲಿ ಅಂಥ ದತ್ತನ್ನ ಒಪ್ಪುತ್ತಿದ್ದರು, ಬಾಂಬೆಯಲ್ಲಿ ಇಲ್ಲ. ಹುಡುಗಿಯರನ್ನ ದಂಧೆಗೆ ಇಳಿಸಲಿಕ್ಕೆ ದತ್ತು ಒಂದು ನೆಪ ಆಗಿತ್ತು ಅನ್ನೋದು ನಿಜ, ನಾನು ಅದನ್ನ ಅಲ್ಲಗಳೆಯೋದಿಲ್ಲ. ಆದರೆ ಆ ಮನೆಗಳಿಗೆ ಬಂದು ಹೋದ ಗಂಡಸರ ನೀತಿಯ ವಿಚಾರಣೆ ಮಾತ್ರ ಆ ಕೇಸಿನಲ್ಲಿ ಆಗಲಿಲ್ಲ.

1934ರಲ್ಲಿ ಬಾಂಬೆ ದೇವದಾಸಿ ಸಂರಕ್ಷಣಾ ಕಾಯ್ದೆ ಬಂತು. 1936ರ ಜೂನಿನಲ್ಲಿ ಬಾಬಾಸಾಹೇಬರು ಮುಂಬಯಿಯ ದಾಮೋದರ ಹಾಲಿನಲ್ಲಿ ದೇವದಾಸಿ, ಜೋಗತಿ, ಮುರಳಿಯರನ್ನ ಕೂರಿಸಿಕೊಂಡು ಈ ಬದುಕು ಬಿಟ್ಟು ಬನ್ನಿ ಅಂತ ನಿಷ್ಠುರವಾಗಿ ಹೇಳಿದರು. ಕರ್ನಾಟಕದ ಕಾಯ್ದೆ 1982ರದ್ದು. ಮುತ್ತು ಕಟ್ಟುವುದು ಅಪರಾಧ, ಕಟ್ಟಿಸಿದವರು ತಂದೆ-ತಾಯಿಯೋ ಪಾಲಕರೋ ಆಗಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ಇರಲಿ, ಬೇಕಾದ್ದೇ. ಆದರೆ ಕೋರ್ಟಿನ ಕಟಕಟೆಯಲ್ಲಿ ನಿಂತವಳು ಮತ್ತೆ ಅದೇ ಕೇರಿಯ ತಾಯಿ.

ಜೀವನಾಂಶದ ಕಾನೂನು ಮಾತ್ರ ಬ್ರಿಟಿಷರ ಕಾಲದಿಂದಲೂ ಇದೆ. 1898ರ ಕ್ರಿಮಿನಲ್ ಸಂಹಿತೆಯ 488ನೇ ಕಲಮು ಮದುವೆಯಿಂದ ಹುಟ್ಟಿರಲಿ, ಹೊರಗೆ ಹುಟ್ಟಿರಲಿ, ಮಗುವಿನ ಹೊಟ್ಟೆಗೆ ತಂದೆ ಕೊಡಬೇಕು ಅಂದಿತ್ತು. ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಅದೇ ಮುಂದೆ 125 ಆಯ್ತು, 500 ರೂಪಾಯಿಯ ಮಿತಿ 2001ರ ತನಕ ಇತ್ತು, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ಕಾಗದದ ಮೇಲೆ ಎಲ್ಲಮ್ಮನ ಮಕ್ಕಳಿಗೂ ತಂದೆಯ ಹೊಣೆ ನೂರು ವರ್ಷದಿಂದ ಇತ್ತು. ಆದರೆ ಊರ ಗೌಡನೇ ತಂದೆ ಅಂತ ಸಾಬೀತು ಮಾಡೋಳು ಯಾರು? ಸಾಕ್ಷಿ ಹೇಳೋಕೆ ಬರೋರು ಯಾರು? ಮರುದಿನ ಅವಳಿಗೆ ಕೂಲಿ ಕೊಡೋರು ಯಾರು?

ಶಾಲೆಯ ದಾಖಲಾತಿ ಪುಸ್ತಕದಲ್ಲಿ 'ತಂದೆಯ ಹೆಸರು' ಅನ್ನೋ ಗೆರೆಯ ಮುಂದೆ ಪೆನ್ನು ನಿಂತುಬಿಡೋ ಆ ನಿಮಿಷ ಗೊತ್ತಿದ್ದವರಿಗೆ ಗೊತ್ತು. ನನ್ನ ಜೊತೆ ಓದಿದವರೊಬ್ಬರು ಅಲ್ಲಿ ಮಾವನ ಹೆಸರು ಬರೆಸಿಕೊಂಡು ಹತ್ತನೇತ್ತಿ ತನಕ ಓದಿದರು.

ಇದನ್ನ ಮುರಿಯಲಿಕ್ಕೆ ನಿಂತವರೂ ಇದೇ ಜಿಲ್ಲೆಯವರೇ. ಘಟಪ್ರಭಾದಲ್ಲಿ 1997ರಲ್ಲಿ ಹುಟ್ಟಿದ ಮಾಸ್ ಸಂಸ್ಥೆಯನ್ನ ನಡೆಸಿದವರು ಮಾಜಿ ದೇವದಾಸಿಯರೇ. ಅದರ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಸುಪ್ರೀಂ ಕೋರ್ಟು, ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸು ಕೊಡದೆ ತಾನೇ ಪಾಲಕಿ ಅಂತ ಅರ್ಜಿ ಹಾಕಬಹುದು, ಜನನ ಪ್ರಮಾಣಪತ್ರಕ್ಕೆ ಅವಳ ಅಫಿಡವಿಟ್ ಸಾಕು ಅಂತ ತೀರ್ಪು ಕೊಟ್ಟಿತು. ಆ ತೀರ್ಪನ್ನ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ತಾಲೂಕು ಕಚೇರಿಯಲ್ಲಿ ಕೆಲಸಕ್ಕೆ ಬರ್ತದೆ. 2025ರಲ್ಲಿ ನಮ್ಮ ವಿಧಾನಮಂಡಲ ಹೊಸ ದೇವದಾಸಿ ಮಸೂದೆ ಪಾಸು ಮಾಡಿತು. ತಂದೆ ಯಾರು ಅಂತ ಕಾನೂನಿನ ಮೂಲಕ ಗುರುತಿಸಿಕೊಳ್ಳುವ ದಾರಿಯನ್ನ ಅದು ಆ ಮಕ್ಕಳಿಗೆ ತೆರೀತು. ಹೆಸರು ಬೇಡ ಅನ್ನೋರಿಗೆ ಮೊದಲನೆಯದು, ಹೊಣೆ ಬೇಕು ಅನ್ನೋರಿಗೆ ಎರಡನೆಯದು. ಎರಡೂ ಬೇಕಾಗಿತ್ತು.

ಮತ್ತೆ ಆ ತಂಗಿಯ ಪ್ರಶ್ನೆಗೆ ಬರ್ತೀನಿ. ಮನಿ ಇಲ್ಲದ ತಾಯಿಗೆ ಕೂಸು ಕೊಡ್ತಾರಾ?

ಕೊಡಬೇಕು. ಧನವಂತಿ ಜೋಶಿ ಅನ್ನೋ ತಾಯಿಯ ಕೇಸಿನಲ್ಲಿ ತಂದೆ ಅಮೆರಿಕದಲ್ಲಿದ್ದ, ಸಿರಿವಂತ. ತಂದೆಯ ಹತ್ರ ದುಡ್ಡು ಹೆಚ್ಚಿದೆ ಅನ್ನೋದನ್ನ ಗಮನಿಸಬಹುದು, ಆದರೆ ಅದೊಂದೇ ನಿರ್ಣಾಯಕ ಅಲ್ಲ ಅಂತ 1997ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿ ಮಗುವನ್ನ ತಾಯಿ ಹತ್ರವೇ ಉಳಿಸಿತು. ಹಣದ ಕೊರತೆಗೆ ಜೀವನಾಂಶ ಅನ್ನೋ ದಾರಿ ಇದೆ. ದುಡ್ಡಿದ್ದ ತಂದೆ ದುಡ್ಡು ಕೊಡಲಿ. 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ-ಆದಾಯದ ಅಫಿಡವಿಟ್ ಹಾಕಲೇಬೇಕು. ಕಸ್ಟಡಿಗೆ ಹೊಲ ತೋರಿಸಿದವನು ಜೀವನಾಂಶಕ್ಕೆ ಬಂದಾಗ ನಾನು ಕೂಲಿ ಅಂತ ಅಳೋ ಆಟ ಅಷ್ಟರಮಟ್ಟಿಗೆ ಕಷ್ಟ ಆಗಿದೆ.

ಕೋರ್ಟು ನಿಜವಾಗಿ ನೋಡೋದು ಏನು ಅಂದ್ರೆ, ಮಗು ಈಗ ಎಲ್ಲಿ ನೆಲೆಯಾಗಿದೆ, ದಿನಾ ಅದನ್ನ ಎಬ್ಬಿಸಿ ತೊಳೆದು ಉಣ್ಣಿಸೋರು ಯಾರು, ಶಾಲೆ ಎಲ್ಲಿ, ಹೊಡೆತ-ಕುಡಿತ ಯಾವ ಮನೆಯಲ್ಲಿದೆ, ಇನ್ನೊಬ್ಬ ಪಾಲಕರ ಮೇಲೆ ಮಗುವಿಗೆ ವಿಷ ತುಂಬಿದ್ದಾರಾ. ಮಗು ಸ್ವಲ್ಪ ದೊಡ್ಡದಿದ್ದರೆ ನ್ಯಾಯಾಧೀಶರು ಚೇಂಬರಿಗೆ ಕರೆದು ಮಾತಾಡಿಸ್ತಾರೆ. ಖಾನಾಪುರದ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಮಗುವಿಗೆ ತಿಳಿಯೋ ಭಾಷೆಯಲ್ಲಿ ಮಾತಾಡಿಸಿ ಅಂತ ವಕೀಲರ ಮೂಲಕ ಮೊದಲೇ ಕೇಳಿಕೊಳ್ಳಬೇಕು. ದುಡಿಯಲಿಕ್ಕೆ ಹೋದ ತಂದೆತಾಯಿ ಅಜ್ಜಿ ಹತ್ರ ಬಿಟ್ಟ ಮಕ್ಕಳೂ ನಮ್ಮಲ್ಲಿ ಬಹಳ. 1992ರಲ್ಲಿ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ ತಾಯಿ ಸತ್ತ ಮಕ್ಕಳನ್ನ ಮಾತಾಡಿಸಿ, ತಂದೆ ಬದುಕಿದ್ದರೂ ಸೋದರಮಾವನ ಹತ್ರವೇ ಬಿಟ್ಟಿತು. ಸಾಕಿದವರ ಋಣಕ್ಕೂ ಅಲ್ಲಿ ಬೆಲೆ ಇದೆ.

ಜಂಟಿ ಕಸ್ಟಡಿ ಅಂತ ಈಗ ಜೋರು ಮಾತು ನಡೆದಿದೆ. ನಮ್ಮ ಹೈಕೋರ್ಟು 2013ರಲ್ಲಿ ಕೆ.ಎಂ. ವಿನಯಾ ಕೇಸಿನಲ್ಲಿ ವರ್ಷವನ್ನ ಎರಡು ಪಾಲು ಮಾಡಿ, ಜನವರಿಯಿಂದ ಜೂನ್ ತಂದೆ ಹತ್ರ, ಜುಲೈಯಿಂದ ಡಿಸೆಂಬರ್ ತಾಯಿ ಹತ್ರ, ಖರ್ಚು ಸಮಪಾಲು ಅಂತ ಮಾಡಿತ್ತು. ಒಳ್ಳೆಯದೇ. ಆದರೆ ಅದಕ್ಕೆ ಎರಡು ಮನೆ ಹತ್ರಹತ್ರ ಇರಬೇಕು, ಎರಡು ಸಂಬಳ ಇರಬೇಕು, ಮಧ್ಯೆ ಒಂದು ಶಾಲೆ ಇರಬೇಕು. ಆರು ತಿಂಗಳು ಚಂದಗಡದ ಮರಾಠಿ ಶಾಲೆ, ಆರು ತಿಂಗಳು ಖಾನಾಪುರದ ಶಾಲೆ ಅಂದ್ರೆ ಹುಡುಗ ಎಲ್ಲೂ ಪಾಸಾಗೋದಿಲ್ಲ. ತಂದೆ ವಾರಕ್ಕೊಮ್ಮೆ ಬಂದು ನೋಡಲಿ, ಹಬ್ಬಕ್ಕೆ ಕರಕೊಂಡು ಹೋಗಲಿ, ವಿಡಿಯೋ ಕಾಲ್ ಮಾಡಲಿ. ಮಗುವಿಗೆ ತಂದೆಯನ್ನ ಕಾಣೋ ಹಕ್ಕಿದೆ, ಅದನ್ನ ನಾವು ಅಡ್ಡ ಹಾಕಬಾರದು. ನಮ್ಮ ಹೆಣ್ಣುಮಕ್ಕಳು ಸಿಟ್ಟಿನಲ್ಲಿ ಇಲ್ಲೇ ಎಡವೋದು, ಆಮೇಲೆ ಎದುರಿನ ವಕೀಲರು ಅದನ್ನೇ ಹಿಡೀತಾರೆ.

ವಾತಾವರಣದ ಮಾತಿಗೂ ಉತ್ತರ ಇದೆ. 2012ರ ರಮೇಶಭಾಯಿ ನಾಯ್ಕಾ ಕೇಸಿನಲ್ಲಿ ಸುಪ್ರೀಂ ಕೋರ್ಟು, ಅಂತರ್ಜಾತಿ ಮದುವೆಯಲ್ಲಿ ಮಗು ಕಣ್ಣುಮುಚ್ಚಿ ತಂದೆಯ ಜಾತಿ ಅಂತ ಹೇಳಲಾಗದು, ಪರಿಶಿಷ್ಟ ಜಾತಿಯ ತಾಯಿ ಬೆಳೆಸಿದ್ದರೆ, ಅವಳ ಸಮುದಾಯದ ಅವಮಾನ-ವಂಚನೆಗಳನ್ನ ಮಗುವೂ ಉಂಡಿದ್ದರೆ ಅದನ್ನ ಸಾಬೀತು ಮಾಡಲಿಕ್ಕೆ ಅವಕಾಶ ಇದೆ ಅಂತ ಹೇಳಿದೆ. ಅದು ಕಸ್ಟಡಿ ಕೇಸಲ್ಲ, ಜಾತಿ ಪ್ರಮಾಣಪತ್ರದ್ದು. ಆದರೂ ಈ ಹುಡುಗ ನಾಳೆ ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವಾಗ ಅವನು ಯಾವ ಕೇರಿಯಲ್ಲಿ ಬೆಳೆದ ಅನ್ನೋದೇ ಮುಖ್ಯ ಆಗ್ತದೆ.

ಕೆಲವು ಕೆಲಸದ ಮಾತು. ಪರಿಶಿಷ್ಟ ಜಾತಿ-ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗ್ತಾರೆ. ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲೂಕು ಸಮಿತಿ, ಫೋನ್ 15100. ಹೊಡೆತ ಇದ್ದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ಮಗುವಿನ ತಾತ್ಕಾಲಿಕ ಕಸ್ಟಡಿ ಕೊಡಬಹುದು. ತವರಿಗೆ ಬಂದು ಕೂತವಳೂ ಅಲ್ಲಿಂದಲೇ ಅರ್ಜಿ ಹಾಕಬಹುದು, ಬೆಳಗಾವಿ ತನಕ ಬರಬೇಕಾಗಿಲ್ಲ. ಫ್ಯಾಮಿಲಿ ಕೋರ್ಟಿನ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲಿಕ್ಕೆ 30 ದಿನ ಅಷ್ಟೇ, ಮರೀಬೇಡಿ. ರಾಜಿ ಮಾಡಿಸೋದು ಫ್ಯಾಮಿಲಿ ಕೋರ್ಟಿಗೆ ಕಾಯ್ದೆಯೇ ಹಾಕಿದ ಕರ್ತವ್ಯ. ಕೌನ್ಸೆಲರ್ ಮುಂದೆ ಕೂತಾಗ ಗಂಡನ ಮನೆಗೆ ಹೋಗ್ತೀನಿ ಅಂತ ಒತ್ತಡಕ್ಕೆ ಸಹಿ ಹಾಕಬೇಡಿ, ಓದಿಸಿ ಕೇಳಿಸಿಕೊಳ್ಳಿ.

ತಂಗಿಯ ಕೇಸು ನಡೀತಿದೆ. ಗಂಡನ ಕಡೆಯವರು ಕೊನೆಗೆ ಬೆಳಗಾವಿಯಲ್ಲೇ ಅರ್ಜಿ ಹಾಕಬೇಕಾಯ್ತು. ನಾವು ಜೀವನಾಂಶಕ್ಕೂ ಹಾಕಿದ್ದೀವಿ. ಹುಡುಗನಿಗೆ ಐದು ತುಂಬಿ ಮೂರು ತಿಂಗಳಾಯ್ತು, ಆಕಾಶ ಏನೂ ಕಳಚಿ ಬೀಳಲಿಲ್ಲ. ತಾರೀಖಿನ ದಿನ ಖಾನಾಪುರದಿಂದ ಶಕ್ತಿ ಯೋಜನೆಯ ಪುಕ್ಕಟೆ ಬಸ್ಸು ಹತ್ತಿ ಇಪ್ಪತ್ತಾರು ಕಿಲೋಮೀಟರ್ ಬರ್ತಾಳೆ. ಅವತ್ತಿನ ಕೂಲಿ ಮಾತ್ರ ಹೋಗ್ತದೆ. ಚೀಲದಲ್ಲಿ ಲಸಿಕೆ ಕಾರ್ಡು, ಅಂಗನವಾಡಿ ಟೀಚರ್ ಬರೆದುಕೊಟ್ಟ ಪತ್ರ, ಹುಡುಗ ಬಿಡಿಸಿದ ಒಂದು ಮನೆಯ ಚಿತ್ರ. ಹೋದ ತಾರೀಖಿಗೆ ನಾನು ಕೇಳಿದೆ, ಚಿತ್ರ ಯಾಕ ತಂದೀಯವ್ವಾ ಅಂತ. "ಸಾಹೇಬ್ರು ಮನಿ ಎಲ್ಲೈತಿ ಅಂತ ಕೇಳಿದ್ರ ತೋರ್ಸಾಕ್ರಿ" ಅಂದು ನಕ್ಕಳು.

ಮುಂದಿನ ತಾರೀಖಿಗೆ ಬೆಳಗಾವಿಯಲ್ಲಿರೋ ಸಂಗಾತಿಗಳು ಯಾರಾದರೂ ಕೋರ್ಟಿನ ಹತ್ರ ಬಂದು ಒಂದು ಗಂಟೆ ಅವಳ ಜೊತೆ ಕೂರೋದಾದ್ರೆ ಇನ್‌ಬಾಕ್ಸಿಗೆ ಬನ್ನಿ, ದಿನ ಹೇಳ್ತೀನಿ. ಹುಡುಗನೂ ಬರ್ತಾನೆ, ಬಿಸ್ಕೀಟು ತನ್ನಿ.

ಜೈ ಭೀಮ್.